ಕೇಳಿಸಿಕೊಂಡವರ ನಗೆ

ಒಂದು ಕ್ಷಣ ಹಾಸ್ಯನಟ ದಾನಿಶ್ ಸೇಠ್ ರಾಮಮೂರ್ತಿ, ಮರುಕ್ಷಣ ಜಯಾ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಅವರು ಬೆಂಗಳೂರಿನ ಮನೆಯೊಳಗೆ ಮೊಬೈಲ್ ಹಿಡಿದು ಮಾಡಿದ ಆ ಪುಟ್ಟ ವಿಡಿಯೊಗಳನ್ನು ನೆನಪಿಸಿಕೊಳ್ಳಿ. ಹಿನ್ನೆಲೆಗೆ ಗೋಡೆ. ಬಣ್ಣ ಹಚ್ಚಿದ ಮುಖವಿಲ್ಲ, ಹೇಳಿಕೊಳ್ಳುವಂಥ ವೇಷವಿಲ್ಲ. ಆದರೂ ಮಾತಾಡುತ್ತಿರುವುದು ಯಾರು ಎಂಬ ಅನುಮಾನ ನೋಡುವವರಿಗೆ ಒಮ್ಮೆಯೂ ಬರುವುದಿಲ್ಲ. ಮನೆಗೆಲಸದ ಜಯಾ, ನಿಧಾನಸ್ಥ ಹಿರಿಯರಾದ ರಾಮಮೂರ್ತಿ, ಇಂಗ್ಲಿಷಿನಲ್ಲೇ ಉಸಿರಾಡುವ ಹುಡುಗ: ಮೂವರಿಗೂ ಇರುವುದು ಒಂದೇ ಮೂಗು, ಒಂದೇ ಗಡ್ಡ. ಬೇರೆಯಾಗಿರುವುದು ಅವರ ಮಾತು ಮಾತ್ರ. ಯಾರು ಎಲ್ಲಿ ತಡೆದು ಮಾತು ಎತ್ತಿಕೊಳ್ಳುತ್ತಾರೆ, ಯಾರು ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಉಳಿದದ್ದನ್ನು ಕೇಳುವವರ ತಲೆಗೆ ಬಿಡುತ್ತಾರೆ, ಯಾರು ಪ್ರಶ್ನೆಗೆ ಉತ್ತರ ಕೊಡುವ ಬದಲು ಇನ್ನೊಂದು ಪ್ರಶ್ನೆ ಕೇಳುತ್ತಾರೆ ಎಂಬುದರಲ್ಲೇ ಆ ಮನುಷ್ಯರೆಲ್ಲ ಎದ್ದು ನಿಲ್ಲುತ್ತಾರೆ.

ನಾನು ಈ ವಿಡಿಯೊಗಳನ್ನು ಕಣ್ಣು ಮುಚ್ಚಿಕೊಂಡು ಕೇಳಿದ್ದೇನೆ. ಆಗ ಅವುಗಳ ಸೊಗಸು ಇನ್ನೂ ಹೆಚ್ಚುತ್ತದೆ. ನೋಡಿ ಅನುಕರಿಸುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಕೇಳಿಸಿಕೊಂಡು ಅನುಕರಿಸುವವರು ಕಡಿಮೆ. ದಾನಿಶ್ ಸೇಠ್ ಎರಡನೆಯ ಗುಂಪಿನವರು ಎಂಬುದು ನನ್ನ ಗಟ್ಟಿ ನಂಬಿಕೆ.

ಗಡಿಯಲ್ಲಿ ಹುಟ್ಟಿದವರಿಗೆ ಇಂಥ ಕಿವಿಯ ಬೆಲೆ ಬೇಗ ಗೊತ್ತಾಗುತ್ತದೆ. ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಕಾಲಿಟ್ಟಾಗ ಸಿಗುವ ಕೊಡಿಕೊಂಡ ಚೆಕ್‌ಪೋಸ್ಟ್ ನಮ್ಮೂರ ಹೆಸರಿನದು. ಅಲ್ಲಿಂದ ಎಡಕ್ಕೆ ಹೊರಳಿದರೆ ಲೇಪಾಕ್ಷಿ, ಮುಂದಕ್ಕೆ ಹಿಂದೂಪುರ. ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಗೋಡೆಯ ಮೇಲಿನ ಶಾಸನಗಳು ಕನ್ನಡದಲ್ಲಿವೆ, ಹೊರಗೆ ಅಂಗಡಿಯ ಬೋರ್ಡು ತೆಲುಗಿನಲ್ಲಿದೆ. ಹಿಂದೂಪುರದ ಮಾರುಕಟ್ಟೆಗೆ ಹೊಕ್ಕರೆ ದಖನಿ ಉರ್ದು ಕಿವಿಗೆ ಬೀಳುತ್ತದೆ. ಮಡಕಶಿರಾ ಕಡೆಯ ಅಗಳಿ, ರೊಳ್ಳ, ಅಮರಾಪುರದ ಮನೆಗಳಲ್ಲಿ ಕನ್ನಡವೇ ಅಡುಗೆಮನೆಯ ಮಾತು. ಕಲ್ಯಾಣದುರ್ಗದ ಕಡೆ ಹೋದರೆ ಕನ್ನಡದ ರಾಗವೇ ಬೇರೆ. ಎದುರಿಗೆ ನಿಂತವರು ಬಾಯಿ ತೆರೆದ ಕೂಡಲೇ ಯಾವ ಭಾಷೆಗೆ ಹೊರಳಬೇಕು ಎಂದು ಗೊತ್ತು ಮಾಡಿಕೊಳ್ಳುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಸಂಜೆ ಒಂದೇ ಟಿ.ವಿ.ಯಲ್ಲಿ ಈಟಿವಿ ತೆಲುಗಿನ 'ಜಬರ್ದಸ್ತ್' ಮುಗಿಸಿ ಕಲರ್ಸ್ ಕನ್ನಡದ 'ಮಜಾ ಟಾಕೀಸ್' ಹಾಕುತ್ತಿದ್ದ ಮನೆಗಳು ನಮ್ಮವು. ಹಾಗಾಗಿ ಇಂಥ ಕಿವಿ ಇರುವ ಕಲಾವಿದ ಸಿಕ್ಕಾಗ ನಮ್ಮವರೇ ಸಿಕ್ಕಷ್ಟು ಸಂತೋಷವಾಗುತ್ತದೆ.

ಆ ಕಿವಿ ತಯಾರಾದದ್ದು ಎರಡು ಕಡೆ. ಮೊದಲನೆಯದು ಟೆಲಿಫೋನು. ಫೀವರ್ 104 ಎಫ್.ಎಂ.ನಲ್ಲಿ ದಾನಿಶ್ ಮಾಡುತ್ತಿದ್ದ 'ಸುಪಾರಿ' ಎಂಬ ತಮಾಷೆ ಕರೆಗಳನ್ನು ಬೆಂಗಳೂರಿನ ಕೇಳುಗರು ಇನ್ನೂ ಮರೆತಿಲ್ಲ. ನೊಗ್‌ರಾಜ್ ಎಂಬ ರಾಜಕಾರಣಿ ಹುಟ್ಟಿದ್ದು ಅಲ್ಲಿ. ಫೋನಿನ ಆಚೆ ತುದಿಯಲ್ಲಿರುವುದು ನಟನಲ್ಲ, ಯಾವುದೋ ಕೆಲಸದ ನಡುವೆ ಕರೆ ಎತ್ತಿಕೊಂಡ ನಿಜವಾದ ಮನುಷ್ಯ. ಅವನ ಮುಂದಿನ ಮಾತು ಏನು ಎಂದು ಯಾರಿಗೂ ಗೊತ್ತಿಲ್ಲ. ಅವನು ಸಿಡುಕಬಹುದು, ಹೆದರಬಹುದು, ಸುಮ್ಮನೆ ಕರೆ ಕತ್ತರಿಸಬಹುದು. ಅವನನ್ನು ಹಿಡಿದು ನಿಲ್ಲಿಸಬೇಕಾದರೆ ಅವನ ಒಂದೊಂದು ಪದವನ್ನೂ ಕೇಳಿಸಿಕೊಂಡು, ಅದಕ್ಕೇ ಗಂಟು ಹಾಕಿ ಮುಂದಿನ ಮಾತು ಆಡಬೇಕು. ಮುಖ ಕಾಣಿಸದ ಈ ಆಟದಲ್ಲಿ ದನಿಯೊಂದೇ ಪಾತ್ರಧಾರಿ.

ಎರಡನೆಯದು ರಂಗ. ಬೆಂಗಳೂರಿನಲ್ಲಿ ಸಾದ್ ಖಾನ್ ಮತ್ತು ಗೆಳೆಯರು ಕಟ್ಟಿದ 'ದಿ ಇಂಪ್ರಾವ್' ತಂಡದಲ್ಲಿ ದಾನಿಶ್ ಸೇಠ್, ಸುಮುಖಿ ಸುರೇಶ್ ಬೆಳೆದರು. ಬರೆದಿಟ್ಟ ನಾಟಕವಿಲ್ಲದೆ, ಪ್ರೇಕ್ಷಕರು ಎಸೆದ ಒಂದು ಮಾತನ್ನು ಹಿಡಿದು ಆಗಿಂದಾಗಲೇ ದೃಶ್ಯ ಕಟ್ಟುವ ಈ ಆಟದ ಬೇರು ಅಮೆರಿಕದ ಶಿಕಾಗೋ ನಗರದಲ್ಲಿದೆ. ವಯೋಲಾ ಸ್ಪೋಲಿನ್ ಎಂಬ ರಂಗಶಿಕ್ಷಕಿ ಅಲ್ಲಿ ಬೇರೆ ಬೇರೆ ದೇಶಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ನಾಟಕ ಕಲಿಸಬೇಕಾಗಿತ್ತು. ಮಕ್ಕಳ ನಡುವೆ ಭಾಷೆ, ಸಂಸ್ಕೃತಿಗಳ ಗೋಡೆಗಳಿದ್ದವು. ಅದಕ್ಕೆಂದೇ ಅವರು ರಂಗದ ಆಟಗಳನ್ನು ಹುಡುಕಿಕೊಂಡರು. ಅವರ ಮಗ ಪಾಲ್ ಸಿಲ್ಸ್ 1959ರಲ್ಲಿ ಗೆಳೆಯರೊಂದಿಗೆ 'ಸೆಕೆಂಡ್ ಸಿಟಿ' ಎಂಬ ಹಾಸ್ಯರಂಗ ತೆರೆದರು. ಅಮೆರಿಕದ ಟಿ.ವಿ. ಹಾಸ್ಯದ ಎಷ್ಟೋ ದೊಡ್ಡ ಹೆಸರುಗಳು ಅಲ್ಲಿಂದ ಬಂದವು. ಈ ಆಟದ ಮೊದಲ ನಿಯಮ ಬಹಳ ಸರಳ: ಜೊತೆಗಾರ ಏನೇ ಹೇಳಲಿ, ಅಲ್ಲ ಎನ್ನಬಾರದು. ಒಪ್ಪಿಕೊಂಡು ಅದಕ್ಕೆ ತನ್ನದೊಂದು ಸೇರಿಸಬೇಕು. ಭಾಷೆಗಳು ಬೆರೆಯುವ ಊರಿನ ಮಕ್ಕಳಿಗಾಗಿ ಹುಟ್ಟಿದ ಆಟ ಎಂಬುದೇ ನನಗೆ ಬಹಳ ಪ್ರಿಯವಾದ ಸಂಗತಿ.

ಆದರೆ ನಮಗೆ ಇದು ಹೊರಗಿನಿಂದ ಬಂದ ವಿದ್ಯೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳುತ್ತಿದ್ದುದು ಮತ್ತೇನು? ಭಾಗವತರು ಪದ್ಯ ಹಾಡಿ ನಿಲ್ಲಿಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಬರೆದುಕೊಟ್ಟ ಮಾತಿಲ್ಲ. ಎದುರು ಕೂತ ಅರ್ಥಧಾರಿ ಎತ್ತಿದ ವಾದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಎದುರಾಳಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳದವರು ಅಲ್ಲಿ ಒಂದು ರಾತ್ರಿ ಕೂಡ ಉಳಿಯಲಾರರು. ಇತ್ತ ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ಸಾವಿರಾರು ಪ್ರಯೋಗ ಕಂಡರೂ ಹಳತಾಗಲಿಲ್ಲ. ಅಂದಂದಿನ ಸುದ್ದಿ ಅಂದಂದೇ ಅವರ ಬಾಯಿಗೆ ಬರುತ್ತಿತ್ತು, ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿಗೂ ವಿನಾಯಿತಿ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಕನ್ನಡ ರಂಗ ಕಳೆದುಕೊಂಡದ್ದು ಒಬ್ಬ ನಟನನ್ನಷ್ಟೇ ಅಲ್ಲ, ಆಶುಮಾತಿನ ಒಂದು ದೊಡ್ಡ ಪಾಠಶಾಲೆಯನ್ನು. ಲಂಚಾವತಾರದ ರಾಜಕಾರಣಿಗೂ ನೊಗ್‌ರಾಜನಿಗೂ ಇರುವ ನೆಂಟಸ್ತಿಕೆಯನ್ನು ನಮ್ಮ ವಿಮರ್ಶಕರು ಇನ್ನೂ ಸರಿಯಾಗಿ ಗುರುತಿಸಿಲ್ಲ ಎಂದು ನನಗನ್ನಿಸುತ್ತದೆ.

ಆಶುಮಾತಿನ ಬಲ ತಿಳಿಯಬೇಕಾದರೆ ಆರ್.ಸಿ.ಬಿ. ಕ್ರಿಕೆಟ್ ತಂಡಕ್ಕಾಗಿ ದಾನಿಶ್ ಮಾಡಿದ ಮಿಸ್ಟರ್ ನ್ಯಾಗ್ಸ್‌ನನ್ನು ನೋಡಬೇಕು. ಆಟಗಾರರ ಮುಂದೆ ಮೈಕ್ ಹಿಡಿದು ಕೂರುವ ಈ ಮನುಷ್ಯನಿಗೆ ದೊಡ್ಡವರು, ಚಿಕ್ಕವರು ಎಂಬ ಭೇದವಿಲ್ಲ. ಕಪ್ ಗೆಲ್ಲದ ಗಾಯ ಇನ್ನೂ ಹಸಿಯಿದ್ದ ವರ್ಷಗಳಲ್ಲೂ ಅದನ್ನೇ ಮುಟ್ಟಿ ಮಾತಾಡಿಸಿದವನು ಅವನು. ವಿರಾಟ್ ಕೊಹ್ಲಿ, ಎ.ಬಿ. ಡಿವಿಲಿಯರ್ಸ್ ಅವರಂಥವರು ಕೋಪಿಸಿಕೊಳ್ಳದೆ ಬಿದ್ದು ಬಿದ್ದು ನಗುವುದನ್ನು ನಾವು ನೋಡಿದ್ದೇವೆ. ಯಾಕೆ ನಕ್ಕರು? ನ್ಯಾಗ್ಸ್ ಅವರನ್ನು ಗೆಲ್ಲಲು ಕೂತಿಲ್ಲ. ಅವರು ಕೊಟ್ಟ ಉತ್ತರವನ್ನೇ ಎತ್ತಿಕೊಂಡು, ತನ್ನ ದಡ್ಡತನಕ್ಕೆ ಅದನ್ನು ಸೇರಿಸಿಕೊಂಡು ಹಿಂದಿರುಗಿಸುತ್ತಾನೆ. ನಗೆ ಇಬ್ಬರದೂ ಆಗುತ್ತದೆ. ಇದು ದೊಡ್ಡ ಸೌಜನ್ಯ, ಹಾಗೇ ಬಹಳ ಕಷ್ಟದ ಕೆಲಸ.

ರೇಡಿಯೊದ ನೊಗ್‌ರಾಜ್ ತೆರೆಗೆ ಬಂದದ್ದು 2018ರ ಜನವರಿ 12ರಂದು, 'ಹಂಬಲ್ ಪೊಲಿಟಿಷಿಯನ್ ನೊಗ್‌ರಾಜ್' ಸಿನಿಮಾ ಆಗಿ. ನಿರ್ದೇಶನ ಸಾದ್ ಖಾನ್ ಅವರದು. ಶಾಸಕನಾಗಬೇಕೆಂದು ಹಾತೊರೆಯುವ ಕಾರ್ಪೊರೇಟರ್ ಕಥೆ. ಅದೇ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಕರ್ನಾಟಕಕ್ಕೆ ಅತಂತ್ರ ವಿಧಾನಸಭೆ ಬಂತು, ಶಾಸಕರು ರೆಸಾರ್ಟ್ ಸೇರಿದರು. ನೊಗ್‌ರಾಜ್ ಸುಮ್ಮನಿರುವುದುಂಟೇ? 2022ರ ಜನವರಿಯಲ್ಲಿ ವೂಟ್‌ನಲ್ಲಿ ಧಾರಾವಾಹಿಯಾಗಿ ಮರಳಿ ಬಂದು ಮುಖ್ಯಮಂತ್ರಿ ಕುರ್ಚಿಗೇ ಕೈಹಾಕಿದ. ಪ್ರಕಾಶ್ ಬೆಳವಾಡಿಯವರ ಎದುರು ದಾನಿಶ್ ನಿಂತ ದೃಶ್ಯಗಳಲ್ಲಿ ಹಳೆಯ ರಂಗಭೂಮಿಯ ಶಿಸ್ತು ಒಂದು ಕಡೆ, ಹೊಸ ಆಶುನಗೆಯ ಚುರುಕು ಇನ್ನೊಂದು ಕಡೆ. ಒಂದರಿಂದ ಇನ್ನೊಂದಕ್ಕೆ ಮೆರುಗು ಬರುತ್ತದೆ. ಅದೇ ವರ್ಷ ಬಂದ ದಾನಿಶ್ ಅವರ ಸಿನಿಮಾ 'ಒನ್ ಕಟ್ ಟೂ ಕಟ್' ನನಗೆ ಅಷ್ಟು ರುಚಿಸಲಿಲ್ಲ. ನಿಮಿಷದ ನಗೆಯನ್ನು ಸಿನಿಮಾದಷ್ಟು ಉದ್ದ ಎಳೆದಾಗ ಅದು ತೆಳುವಾಯಿತು.

ನನ್ನ ಮನಸ್ಸು ಪದೇ ಪದೇ ಹೋಗುವುದು 'ಫ್ರೆಂಚ್ ಬಿರಿಯಾನಿ'ಯಲ್ಲಿ ದಾನಿಶ್ ಮಾಡಿದ ಅಸ್ಗರ್ ಕಡೆಗೆ. ಪುನೀತ್ ರಾಜ್‌ಕುಮಾರ್ ಅವರ ಪಿ.ಆರ್.ಕೆ. ಪ್ರೊಡಕ್ಷನ್ಸ್ ನಿರ್ಮಿಸಿ ಪನ್ನಗ ಭರಣ ನಿರ್ದೇಶಿಸಿದ ಈ ಚಿತ್ರ 2020ರ ಜುಲೈ 24ರಂದು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಅಸ್ಗರ್ ಶಿವಾಜಿನಗರದ ಆಟೊ ಡ್ರೈವರ್. ಫ್ರಾನ್ಸಿನಿಂದ ಬಂದ ಸೈಮನ್ ಅವನ ಆಟೊ ಹತ್ತಿ ಸಿಕ್ಕಿಬೀಳುತ್ತಾನೆ. ಅಸ್ಗರ್‌ನ ಕನ್ನಡ ದಖನಿ ನೆರಳಿನ ಕನ್ನಡ. ನಮ್ಮ ಸಿನಿಮಾಗಳು ಈ ಕನ್ನಡವನ್ನು ಬಹಳ ಕಾಲ ಹಾಸ್ಯಪಾತ್ರದ ಎರಡು ಮಾತಿಗೆ ಬಳಸಿ, ಲಿಂಗ ವಚನ ತಪ್ಪಿಸಿ ನಗಿಸಿ ಕಳಿಸಿಬಿಡುತ್ತಿದ್ದವು. ದಾನಿಶ್ ಹಾಗೆ ಮಾಡಲಿಲ್ಲ. ಅಸ್ಗರ್ ತಪ್ಪು ಕನ್ನಡ ಆಡುವವನಲ್ಲ, ತನ್ನ ಕನ್ನಡ ಆಡುವವನು. ಆ ಮಾತಿನಲ್ಲಿ ಅವನಿಗೆ ಸಿಟ್ಟು ಬರುತ್ತದೆ, ಲೆಕ್ಕ ಬರುತ್ತದೆ, ಸಂಸಾರದ ಚಿಂತೆ ಬರುತ್ತದೆ. ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ನಾನು ಚಿಕ್ಕಂದಿನಿಂದ ಕೇಳಿದ ರಾಗ ಅದು. ನಾಯಕನ ಬಾಯಲ್ಲಿ, ಇಡೀ ಸಿನಿಮಾ ತುಂಬ ಆ ರಾಗ ಕೇಳಿದಾಗ ಎದೆ ತುಂಬಿತು.

ಇದೇ ಬಳಗದಿಂದ ಬಂದ ಇನ್ನೊಂದು ರತ್ನವನ್ನು ಹೇಳದೆ ಮುಂದೆ ಹೋಗಲಾರೆ. ಸುಮುಖಿ ಸುರೇಶ್ ಬರೆದು ನಟಿಸಿದ 'ಪುಷ್ಪವಲ್ಲಿ' 2017ರ ಕೊನೆಯಲ್ಲಿ ಪ್ರೈಮ್‌ನಲ್ಲಿ ಬಂತು. ಬೆಂಗಳೂರಿನ ಕಥೆ. ಅದರಲ್ಲಿ ಪಿ.ಜಿ. ನಡೆಸುವ ವಾಸು ಎಂಬ ಹೆಂಗಸನ್ನು ಮಾಡಿದವರು ಶ್ರದ್ಧಾ, ಈಗ 'ಅಯ್ಯೋ ಶ್ರದ್ಧಾ' ಎಂದು ಮನೆಮಾತಾದವರು. ಎಂಜಿನಿಯರ್ ಕೆಲಸ ಬಿಟ್ಟು ರೇಡಿಯೊ ನಿರೂಪಣೆಗೆ ಬಂದವರು. ವಾಸುವಿನ ಕೋಪದೊಳಗೆ ಬಾಡಿಗೆ ಹುಡುಗಿಯರ ಮೇಲಿನ ಕಾಳಜಿಯೂ ಇದೆ, ಶೋಷಣೆಯೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೊಮ್ಮಿಸುವ ಆ ಅಭಿನಯವನ್ನು ನಾನು ಬೇಸರವಿಲ್ಲದೆ ಮತ್ತೆ ಮತ್ತೆ ನೋಡಬಲ್ಲೆ. ಐ.ಟಿ. ಕಂಪನಿಗಳವರ ಮಾತಿನ ಧಾಟಿ ಹಿಡಿದು ಶ್ರದ್ಧಾ ಮಾಡಿದ ಮೊಬೈಲ್ ವಿಡಿಯೊಗಳನ್ನು ಕನ್ನಡ ಬಾರದವರೂ ಹುಡುಕಿ ನೋಡುತ್ತಾರೆ.

ಬೆಂಗಳೂರಿನ ಈ ಬಳಗದ ಆಚೆಗೂ ಇಂಥ ಕಿವಿಗಳಿವೆ. ಜೀ ಕನ್ನಡದ 'ಕಾಮಿಡಿ ಕಿಲಾಡಿಗಳು' 2016ರಲ್ಲಿ ಶುರುವಾದಾಗ ಶಿವರಾಜ್ ಕೆ.ಆರ್. ಪೇಟೆಯಂಥವರು ತಮ್ಮ ಊರಿನ ಮಾತನ್ನು ತೊಳೆಯದೆ, ಹಾಗೇ ವೇದಿಕೆಗೆ ತಂದರು. ಮಂಡ್ಯದ ಕನ್ನಡ, ಉತ್ತರ ಕರ್ನಾಟಕದ ಕನ್ನಡ, ಕರಾವಳಿಯ ಕನ್ನಡ ಎಲ್ಲವೂ ಈಗ ಟಿ.ವಿ.ಯಲ್ಲಿವೆ, ಮೊಬೈಲಿನಲ್ಲಿವೆ. ಅನಂತಪುರ, ಸತ್ಯಸಾಯಿ ಜಿಲ್ಲೆಗಳ ಗಡಿಕನ್ನಡ ಮಾತ್ರ ಅಲ್ಲಿ ಸಾಕಷ್ಟು ಕೇಳಿಸುತ್ತಿಲ್ಲ. ತೆಲುಗಿನ ಕ್ರಿಯಾಪದಕ್ಕೆ ಕನ್ನಡದ ಬಾಲ ಹಚ್ಚಿ ಜಗಳವಾಡುವ ನಮ್ಮ ಅತ್ತೆಯಂದಿರು, ಮೂರು ಭಾಷೆಯಲ್ಲಿ ಚೌಕಾಸಿ ಮಾಡುವ ಹಿಂದೂಪುರದ ವ್ಯಾಪಾರಿಗಳು, ಕಲ್ಯಾಣದುರ್ಗದ ಕಡಲೆಕಾಯಿ ಹೊಲದ ಬದುವಿನಲ್ಲಿ ಕೂತು ಹರಟುವ ತಾತಂದಿರು ಇನ್ನೂ ಯಾರ ವಿಡಿಯೊದಲ್ಲೂ ನನಗೆ ಸಿಕ್ಕಿಲ್ಲ. ಕೊಡಿಕೊಂಡದ, ಚಿಲಮತ್ತೂರಿನ, ಮಡಕಶಿರಾದ ಹುಡುಗ ಹುಡುಗಿಯರೇ, ಮೊಬೈಲ್ ನಿಮ್ಮ ಕೈಯಲ್ಲೇ ಇದೆ. ಬೆಂಗಳೂರಿನ ಕನ್ನಡವನ್ನೋ ವಿಜಯವಾಡದ ತೆಲುಗನ್ನೋ ಕಲಿತು ಬರುತ್ತೇವೆಂದು ಕಾಯಬೇಡಿ. ಮನೆಯಲ್ಲಿ ಆಡುವ ಮಾತನ್ನೇ ಚೆನ್ನಾಗಿ ಕೇಳಿಸಿಕೊಂಡು ಒಂದು ನಿಮಿಷದ ವಿಡಿಯೊ ಮಾಡಿ. ಮೊದಲು ನೋಡಿ ನಗುವವರಲ್ಲಿ ನಾನೂ ಇರುತ್ತೇನೆ.