ರ‍್ಯಾಮ್ ರೇಟು ಇಳಿಯಲಿ ಎಂದು ಕಾಯುವ ರೂಢಿ

ಲಕ್ಷ್ಮೇಶ್ವರದ ಬಜಾರಿನಲ್ಲಿ ಕಂಪ್ಯೂಟರಿಗೆ ರ‍್ಯಾಮ್ ಹಾಕಿಸಬೇಕೆಂದರೆ ಸಿಗುವ ಸಲಹೆ ಒಂದೇ: "ಇನ್ನೆರಡು ತಿಂಗಳು ತಡೀರಿ, ರೇಟು ಇಳಿತೈತಿ." ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯವರೂ ಉತಾರ ತೆಗೆದುಕೊಡುವವರೂ ಇದನ್ನೇ ನಂಬಿ ನಡೆದಿದ್ದಾರೆ. 2022-23ರಲ್ಲಿ ದರ ನಿಜಕ್ಕೂ ಕುಸಿದಿತ್ತು, ಕಾದವರಿಗೆ ಲಾಭವೂ ಆಗಿತ್ತು. ಈಗ ಅದೇ ಸಲಹೆ ತಪ್ಪು ದಾರಿ ತೋರಿಸುತ್ತಿದೆ.

ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ಕಂಪನಿಗಳಿಂದ. ಎಐ ಸರ್ವರುಗಳಿಗೆ ಬೇಕಾದ ಎಚ್‌ಬಿಎಂ ಎಂಬ ಮೆಮೊರಿಯಲ್ಲಿ ಅವರಿಗೆ ಲಾಭ ಹೆಚ್ಚು. ಸಾಮಾನ್ಯ ಕಂಪ್ಯೂಟರಿನ ಅಷ್ಟೇ ಸಾಮರ್ಥ್ಯದ ಡಿಡಿಆರ್5 ರ‍್ಯಾಮ್‌ಗೆ ಹೋಲಿಸಿದರೆ ಅದು ಸುಮಾರು ಮೂರು ಪಟ್ಟು ಸಿಲಿಕಾನ್ ನುಂಗುತ್ತದೆ. ಹೀಗಾಗಿ ಸಾಮಾನ್ಯ ರ‍್ಯಾಮ್‌ನ ಪೂರೈಕೆ ಕುಗ್ಗಿ, 2025ರ ಕೊನೆಯ ತಿಂಗಳುಗಳಲ್ಲಿ ದರ ದುಪ್ಪಟ್ಟು ದಾಟಿತು. ತಯಾರಿಕೆ ಕಡಿಮೆಯಾಗುತ್ತಿರುವ ಹಳೆಯ ಡಿಡಿಆರ್4 ಕೂಡ ತುಟ್ಟಿಯಾಯಿತು. ಕ್ರೂಶಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ಮಾರುವ ವ್ಯವಹಾರವನ್ನೇ ಬಿಡುವುದಾಗಿ ಮೈಕ್ರಾನ್ 2025ರ ಡಿಸೆಂಬರಿನಲ್ಲಿ ಹೇಳಿತು. ಗುಜರಾತಿನ ಸಾನಂದದಲ್ಲಿ ಆ ಕಂಪನಿಯ ಘಟಕ ಇದೆಯಲ್ಲ ಎನ್ನುವವರಿದ್ದಾರೆ. ಅಲ್ಲಿ ನಡೆಯುವುದು ಚಿಪ್ಪಿನ ಜೋಡಣೆ ಮತ್ತು ಪರೀಕ್ಷೆ ಮಾತ್ರ, ಚಿಪ್ಪಿನ ತಯಾರಿಕೆಯಲ್ಲ.

ಉಳ್ಳಾಗಡ್ಡಿಗೆ ದರ ಬಂದ ವರ್ಷ ಎಲ್ಲರೂ ಅದನ್ನೇ ಹಾಕಿ, ಮರುವರ್ಷ ದರ ಬೀಳುವುದನ್ನು ನಮ್ಮ ಭಾಗದವರು ಚೆನ್ನಾಗಿ ಬಲ್ಲರು. ರ‍್ಯಾಮ್ ಪೇಟೆಯದೂ ಅಂಥದೇ ಏರಿಳಿತ. ಆದರೆ ಹೊಸ ಚಿಪ್ ಕಾರ್ಖಾನೆ ಎದ್ದು ಮಾಲು ಹೊರಬರಲು ವರ್ಷಗಳೇ ಹಿಡಿಯುತ್ತವೆ. ಎರಡು ತಿಂಗಳ ಲೆಕ್ಕಕ್ಕೆ ಇಲ್ಲಿ ಆಧಾರವಿಲ್ಲ.

ಹಾಗೆಂದು ಎಲ್ಲರೂ ಇಂದೇ ಕೊಳ್ಳಬೇಕಿಲ್ಲ. ಈ ರೂಢಿಯ ದೊಡ್ಡ ದೋಷವೆಂದರೆ ಅದು ದರವನ್ನಷ್ಟೇ ನೋಡುತ್ತದೆ, ಕೆಲಸವನ್ನು ನೋಡುವುದಿಲ್ಲ. ಕೋರೆಲ್‌ಡ್ರಾದಲ್ಲಿ ಪತ್ರಿಕೆ, ಬ್ರೌಸರಿನಲ್ಲಿ ಸರ್ಕಾರಿ ಪೋರ್ಟಲ್, ಜೊತೆಗೊಂದು ಸ್ಕ್ಯಾನ್ ತೆರೆದಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ಸದಾ ತೊಂಬತ್ತು ಪ್ರತಿಶತದ ಮೇಲಿದ್ದು, ಡಿಸ್ಕ್ ಕೂಡ ನೂರಕ್ಕೆ ಮುಟ್ಟುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಅದರಲ್ಲಿ ಹಿಡಿಸದ ಪಾಲನ್ನು ಕಂಪ್ಯೂಟರು ಡಿಸ್ಕಿನ ಮೇಲೆ ಇಟ್ಟು ತೆಗೆಯುತ್ತಿದೆ. ಮೆಮೊರಿ ಅರವತ್ತರಲ್ಲೇ ನಿಂತು ಯಂತ್ರ ತೆವಳುತ್ತಿದ್ದರೆ ಬಹುಮಟ್ಟಿಗೆ ಹಳೆಯ ಹಾರ್ಡ್‌ಡಿಸ್ಕೇ ಕಾರಣ. ಅಂಥವರು ಎಸ್‌ಎಸ್‌ಡಿ ಹಾಕಿಸಲಿ, ರ‍್ಯಾಮ್ ಮುಟ್ಟುವುದು ಬೇಡ.

ನಾಲ್ಕು ಜಿಬಿ ಯಂತ್ರದಲ್ಲಿ ಹೊಟ್ಟೆಪಾಡು ನಡೆಸುವವರು ಕಾಯಬಾರದು. ಬೆಳೆವಿಮೆಯ ಕೊನೆಯ ದಿನ ಅಂಗಡಿಯ ಮುಂದೆ ರೈತರು ನಿಂತಿರುವಾಗ ಪೋರ್ಟಲ್ ಸಿಕ್ಕಿಕೊಂಡರೆ ಆಗುವ ನಷ್ಟ ಬರೀ ಅಂಗಡಿಯವರದಲ್ಲ. ಬಳಸಿದ ಡಿಡಿಆರ್4 ಸಿಕ್ಕರೆ ಸಾಕು, ಹೊಸದೇ ಬೇಕೆಂದಿಲ್ಲ. ಆದರೆ ಡಿಡಿಆರ್3, ಡಿಡಿಆರ್4 ರ‍್ಯಾಮ್ ಪಟ್ಟಿಗಳ ಕಚ್ಚುಗಳು ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ಪಟ್ಟಿಯನ್ನು ಕೈಯಲ್ಲೇ ಒಯ್ಯಿರಿ, ಕೊಂಡದ್ದನ್ನು ಮೆಮ್‌ಟೆಸ್ಟ್‌86 ಎಂಬ ತಂತ್ರಾಂಶದಲ್ಲಿ ರಾತ್ರಿಯಿಡೀ ಓಡಿಸಿ ನೋಡಿ, ಕೆಟ್ಟರೆ ವಾಪಸು ಕೊಡುವ ಮಾತನ್ನು ಮೊದಲೇ ಮಾಡಿಕೊಳ್ಳಿ. ಎಂಟು ಜಿಬಿಯಲ್ಲಿ ಟೈಪಿಂಗು, ಅರ್ಜಿ, ಪತ್ರಿಕೆ ಸರಾಗವಾಗಿ ಸಾಗುತ್ತಿದ್ದರೆ ಈ ದರಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಡಿಡಿಆರ್5 ಇರುವ ಹೊಸ ಯಂತ್ರದ ಆಸೆಯನ್ನು, ಹಳೆಯದು ನಡೆಯುವಷ್ಟು ಕಾಲ, ಮುಂದಕ್ಕೆ ಹಾಕಿ.