ಗವರ್ನರ್ ಬಿಚ್ಚುವ ಮುನ್ನ

ಪಾರ್ಕಿನಲ್ಲಿ ಲಾನ್ ಮೂವರ್ ಓಡುವಾಗ ಸ್ವಲ್ಪ ನಿಂತು ಕೇಳಿಸಿಕೊಳ್ಳಿ. ದಟ್ಟ ಹುಲ್ಲಿಗೆ ನುಗ್ಗಿದೊಡನೆ ದನಿ ಒಂದು ಕ್ಷಣ ಕುಗ್ಗುತ್ತದೆ, ಮರುಕ್ಷಣವೇ ಚೇತರಿಸಿಕೊಂಡು ಮೊದಲಿನ ಶ್ರುತಿಗೆ ಬಂದು ನಿಲ್ಲುತ್ತದೆ. ತಳ್ಳುವವನು ಯಾವ ಲಿವರನ್ನೂ ಮುಟ್ಟಿರುವುದಿಲ್ಲ. ಆ ಕೆಲಸ ಮಾಡಿದ್ದು ಗವರ್ನರ್. ಸಣ್ಣ ಎಂಜಿನ್‌ನಲ್ಲಿ ನನಗೆ ಎಲ್ಲಕ್ಕಿಂತ ಚೆಂದ ಕಾಣುವ ಭಾಗ ಅದೇ. ನಮ್ಮ ಹುಡುಗರು ಮೊದಲು ಬಿಚ್ಚಿ ಎಸೆಯಲು ಹೊರಡುವುದೂ ಅದನ್ನೇ.

ಬೆಂಗಳೂರಿನ ನಮ್ಮ ಉಲ್ಲಾಳದ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಮಲ್ಲತ್ತಹಳ್ಳಿಯಲ್ಲೊಂದು, ಮೈಸೂರು ರಸ್ತೆಯಲ್ಲಿ ಇನ್ನಷ್ಟು. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯಕ್ಕೆ ಹೋದರೆ ಲೇತ್ ಕೆಲಸಕ್ಕೂ ವೆಲ್ಡಿಂಗಿಗೂ ಜನ ಸಿಗುತ್ತಾರೆ. ಹಳೆಯ ಮೂವರ್‌ನದೋ ಪಂಪ್‌ಸೆಟ್‌ನದೋ ಎಂಜಿನ್ ಹಿಡಿದು ಗೋ-ಕಾರ್ಟ್ ಕಟ್ಟುವ ಹುಡುಗರು ಕೇಳುವ ಪ್ರಶ್ನೆ ಒಂದೇ: ‘ಸಾರ್, ಗವರ್ನರ್ ತೆಗೆದರೆ ಎಷ್ಟು ಆರ್‌ಪಿಎಂ ಹೋಗುತ್ತೆ?’

ಹೋಗುತ್ತದೆ, ಆದರೆ ಎಲ್ಲಿ ನಿಲ್ಲುತ್ತದೆ ಎಂದು ಹೇಳುವವರು ಯಾರೂ ಇಲ್ಲ. ಅನೇಕ ಎಂಜಿನ್‌ಗಳಲ್ಲಿ ಗವರ್ನರ್ ಎಂದರೆ ಕ್ರ್ಯಾಂಕ್‌ಕೇಸಿನ ಒಳಗೊಂದು ಪುಟ್ಟ ಗೇರ್, ಅದರ ಮೇಲೆ ಎರಡೋ ಮೂರೋ ತೂಕದ ತುಂಡುಗಳು. ವೇಗ ಏರಿದಂತೆ ಅವು ಹೊರಕ್ಕೆ ಅರಳುತ್ತವೆ, ಒಂದು ಕಡ್ಡಿಯನ್ನು ತಳ್ಳುತ್ತವೆ, ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಹೊರಗಿನ ಸ್ಪ್ರಿಂಗ್ ಅದೇ ಥ್ರಾಟಲನ್ನು ತೆರೆಯಲು ಸದಾ ಎಳೆಯುತ್ತಿರುತ್ತದೆ. ಈ ಎಳೆದಾಟ ಸಮಬಲಕ್ಕೆ ಬಂದ ಕಡೆ ವೇಗ ನಿಲ್ಲುತ್ತದೆ. ಒಳಗಿನ ಗೇರ್ ಕಿತ್ತು ಸ್ಪ್ರಿಂಗನ್ನು ಹಾಗೇ ಬಿಟ್ಟರೆ ಥ್ರಾಟಲ್ ತಾನಾಗಿಯೇ ಪೂರ್ತಿ ತೆರೆದುಕೊಳ್ಳುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡಿದ ಹುಡುಗನ ಮುಖ ಆಗ ಎಂಜಿನ್‌ಗೆ ಒಂದು ಮೊಳ ದೂರದಲ್ಲಿರುತ್ತದೆ.

ಇಂಥ ಎಂಜಿನ್‌ಗಳನ್ನು ಸಾಮಾನ್ಯವಾಗಿ 3,600 ಆರ್‌ಪಿಎಂ ಆಸುಪಾಸಿನ ಕೆಲಸಕ್ಕೆ ಕಟ್ಟಿರುತ್ತಾರೆ. ಅದನ್ನು 5,000ಕ್ಕೆ ಏರಿಸಿದರೆ ವೇಗ ಹೆಚ್ಚುವುದು ನೂರಕ್ಕೆ ನಲವತ್ತರಷ್ಟೂ ಅಲ್ಲ. ಫ್ಲೈವೀಲನ್ನು ಸೀಳಲು ನೋಡುವ ಬಲ ಮಾತ್ರ ವೇಗದ ವರ್ಗಕ್ಕೆ ತಕ್ಕಂತೆ ಏರಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕನೆಕ್ಟಿಂಗ್ ರಾಡ್ ಮೇಲಿನ ಎಳೆತಕ್ಕೂ ಇದೇ ಲೆಕ್ಕ. ಅನೇಕ ಸಣ್ಣ ಎಂಜಿನ್‌ಗಳಲ್ಲಿ ಆ ರಾಡ್ ಅಲ್ಯೂಮಿನಿಯಂನದು. ಹಲವುಗಳಲ್ಲಿ ಆಯಿಲ್ ಪಂಪ್ ಇರುವುದಿಲ್ಲ, ರಾಡ್‌ನ ತುದಿಯ ಚಿಕ್ಕ ಸೌಟು ಆಯಿಲನ್ನು ಎರಚುತ್ತದೆ, ಅಷ್ಟೇ. ರಾಡ್ ಮುರಿದರೆ ಕ್ರ್ಯಾಂಕ್‌ಕೇಸನ್ನು ಒಡೆದುಕೊಂಡು ಹೊರಬರುತ್ತದೆ. ಫ್ಲೈವೀಲ್ ಒಡೆದರೆ ಮೇಲಿನ ತೆಳು ತಗಡು ಚೂರುಗಳನ್ನು ತಡೆದೀತೆಂದು ನಂಬಬೇಡಿ.

ಬ್ಲೇಡ್ ಇನ್ನೂ ಸಿಕ್ಕಿಸಿಯೇ ಇದ್ದರೆ ಅಪಾಯ ಬೇರೆಯದೇ ಮಟ್ಟದ್ದು. 21 ಇಂಚಿನ ಬ್ಲೇಡ್ 3,000 ಆರ್‌ಪಿಎಂನಲ್ಲಿ ತಿರುಗಿದರೆ ತುದಿಯ ವೇಗ ಗಂಟೆಗೆ ಸುಮಾರು 300 ಕಿ.ಮೀ. ಅಮೆರಿಕದ ಮಾನದಂಡ ಈ ತುದಿವೇಗಕ್ಕೆ ನಿಮಿಷಕ್ಕೆ 19,000 ಅಡಿ ಎಂಬ ಮಿತಿ ಹಾಕಿದೆ. ಅಂದರೆ ಗಂಟೆಗೆ ಸುಮಾರು 348 ಕಿ.ಮೀ. ಇದೇ ಬ್ಲೇಡ್ 3,600 ತಲುಪುವ ಮೊದಲೇ ಆ ಗೆರೆ ದಾಟಿರುತ್ತದೆ. ನಮ್ಮ ಪಾರ್ಕುಗಳ ಹುಲ್ಲಿನಲ್ಲಿ ಜಲ್ಲಿ, ಮೊಳೆ, ಬಾಟಲಿ ಚೂರು ಏನಿಲ್ಲ ಹೇಳಿ.

ರೇಸ್ ಆಡುವವರೇ ಇದನ್ನು ಚೆನ್ನಾಗಿ ಅರಿತಿದ್ದಾರೆ. 1973ರಲ್ಲಿ ಇಂಗ್ಲೆಂಡಿನ ವಿಸ್‌ಬರೋ ಗ್ರೀನ್ ಎಂಬ ಹಳ್ಳಿಯಲ್ಲಿ ಲಾನ್ ಮೂವರ್ ರೇಸಿಗೆಂದೇ ಸಂಘ ಹುಟ್ಟಿತು. ಬ್ಲೇಡ್ ಕಳಚಿಯೇ ಓಡಿಸಬೇಕು, ಎಂಜಿನ್ ಮಾರ್ಪಡಿಸುವಂತಿಲ್ಲ ಎಂದು ಅವರು ನಿಯಮ ಮಾಡಿಕೊಂಡರು. ಹೋಂಡಾದ ‘ಮೀನ್ ಮೂವರ್’ 2014ರಲ್ಲಿ ಗಂಟೆಗೆ 187 ಕಿ.ಮೀ. ದಾಟಿ ಲಾನ್ ಮೂವರ್ ವೇಗದ ದಾಖಲೆ ಬರೆಯಿತಲ್ಲ, ಅದರೊಳಗೆ ಮೂವರ್‌ನ ಎಂಜಿನ್ ಇರಲಿಲ್ಲ. 1,000 ಸಿಸಿಯ ಬೈಕ್ ಎಂಜಿನ್ ಕೂರಿಸಿದ್ದರು. ಅಷ್ಟು ದೊಡ್ಡ ಕಂಪನಿಯೂ ಸಣ್ಣ ಎಂಜಿನ್ ಹಿಂಡಿ ವೇಗ ತೆಗೆಯಲು ಹೋಗಲಿಲ್ಲ.

ನಮ್ಮಲ್ಲೇ ಇದಕ್ಕಿಂತ ಒಳ್ಳೆಯ ಉದಾಹರಣೆಯಿದೆ. 2007ರಿಂದ ನಡೆಯುತ್ತಿರುವ, ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಓಡಿಸುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ನಮ್ಮ ಮೈಸೂರು ರಸ್ತೆಯ ಹುಡುಗರೂ ಹೋಗಿಬಂದಿದ್ದಾರೆ. ವರ್ಷಗಟ್ಟಲೆ ಎಲ್ಲ ತಂಡಕ್ಕೂ ಇದ್ದದ್ದು ಒಂದೇ ಎಂಜಿನ್: ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ 10 ಎಚ್‌ಪಿ. ಒಳಗೆ ಕೈಹಾಕುವಂತಿರಲಿಲ್ಲ, ಗವರ್ನರ್ ಮಿತಿ 3,800 ಆರ್‌ಪಿಎಂ. ಹಾಗಿದ್ದರೂ ಒಂದು ಗಾಡಿ ಮುಂದೆ, ಇನ್ನೊಂದು ಹಿಂದೆ! ವ್ಯತ್ಯಾಸವೆಲ್ಲ ಗೇರ್ ಅನುಪಾತ, ತೂಕ, ಟೈರು, ಸಸ್ಪೆನ್ಷನ್‌ನಲ್ಲಿ. ಜಾಣ್ಮೆ ತೋರಿಸಲು ಇಷ್ಟು ಜಾಗ ಇರುವಾಗ ಗವರ್ನರಿನ ಮೇಲೆ ಸ್ಪ್ಯಾನರ್ ಇಡುವುದು ನನ್ನ ದೃಷ್ಟಿಯಲ್ಲಿ ಸೋಮಾರಿತನ. ಕಾರ್ಟ್ ಓಡಬೇಕೇ? ಸ್ಪ್ರಾಕೆಟ್ ಬದಲಿಸಿ, ತೂಕ ಇಳಿಸಿ, ಅದಕ್ಕೂ ಮೊದಲು ಬ್ರೇಕ್ ಸರಿಮಾಡಿ. ಓಡಿಸುವುದು ಮುಚ್ಚಿದ ಟ್ರ್ಯಾಕಿನಲ್ಲಿರಲಿ, ಉಲ್ಲಾಳ ಮುಖ್ಯರಸ್ತೆಯಲ್ಲಿ ಬೇಡ.

ಗವರ್ನರ್ ಕಿತ್ತ ಎಂಜಿನ್ ಈಗಾಗಲೇ ನಿಮ್ಮ ಶೆಡ್ಡಿನಲ್ಲಿದ್ದರೆ ದಯವಿಟ್ಟು ಅದನ್ನು ಸ್ಟಾರ್ಟ್ ಮಾಡಬೇಡಿ. ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಇವತ್ತೇ ಕಳಚಿಡಿ. ಒಮ್ಮೆ ಅತಿವೇಗಕ್ಕೆ ಹೋದ ಫ್ಲೈವೀಲನ್ನೂ ರಾಡನ್ನೂ ಮತ್ತೆ ನಂಬದೆ ಹೊಸದು ಹಾಕಿಸಿ, ಗವರ್ನರ್ ಗೇರನ್ನು ಅದರ ಜಾಗಕ್ಕೆ ಕೂರಿಸಿ, ಆಮೇಲಷ್ಟೇ ಹಗ್ಗ ಎಳೆಯಿರಿ.