ರಮಾಬಾಯಿಯ ಕೊಂಕು ಯಾರಿಗೆ ತಾಗಿತು?

ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಗಂಗಾಮೂಲದಲ್ಲಿ ಎಂದು ಬೀಗುವ ಲೇಖನಗಳು, 1887ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದ ಅವರ 'ದಿ ಹೈ ಕಾಸ್ಟ್ ಹಿಂದೂ ವುಮನ್' ಪುಸ್ತಕವನ್ನು ಹೆಸರಿಸಿ ಮುಂದೆ ಸಾಗುತ್ತವೆ. ಓದುವ ಗೋಜಿಗೆ ಹೋಗುವುದಿಲ್ಲ. ಹಳೆಯ ಆರೋಪವಂತೂ ಇನ್ನೂ ಸವೆದಿಲ್ಲ: ಮತಾಂತರಗೊಂಡ ವಿಧವೆ ಪರದೇಶದವರೆದುರು ಮನೆಯ ಮಾನ ಹರಾಜು ಹಾಕಿ ಚಂದಾ ಎತ್ತಿದಳು. ಚಂದಾ ಎತ್ತಿದ್ದು ನಿಜ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಹೀಗೆ ದೂರುವವರು ರಖಮಾಬಾಯಿ ಮೊಕದ್ದಮೆಯ ಭಾಗದವರೆಗೆ ಬಂದಂತಿಲ್ಲ.

ಎಳವೆಯಲ್ಲೇ ಮದುವೆಯಾಗಿದ್ದ ರಖಮಾಬಾಯಿ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಹೋಗು, ಇಲ್ಲವೇ ಆರು ತಿಂಗಳು ಜೈಲು ಎಂದಿತು ಬಾಂಬೆ ಹೈಕೋರ್ಟು. ರಮಾಬಾಯಿ ಇಲ್ಲಿ ಅಳುವುದಿಲ್ಲ, ಕೂಗಾಡುವುದೂ ಇಲ್ಲ. ಇಂಗ್ಲಿಷ್ ಸರ್ಕಾರವನ್ನು ದೂರಿ ಏನು ಬಂತು, ಅದು ಈ ದೇಶದ ಗಂಡಸರೊಡನೆ ಮಾಡಿಕೊಂಡ ಕರಾರನ್ನು ಪಾಲಿಸುತ್ತಿದೆಯಷ್ಟೇ ಎಂಬರ್ಥದ ಮಾತನ್ನು ತಣ್ಣಗೆ ಆಡಿಬಿಡುತ್ತಾರೆ. ಕೈಮುಗಿದುಕೊಂಡೇ ಕೊಟ್ಟ ಪೆಟ್ಟು. ಕ್ರೈಸ್ತ ದೊರೆಗೂ ಹಿಂದೂ ಯಜಮಾನನಿಗೂ ಬೇರೆ ಎಷ್ಟೇ ತಕರಾರಿರಲಿ, ಹೆಣ್ಣಿನ ಮಟ್ಟಿಗೆ ಇಬ್ಬರೂ ರಾಜಿ. ಇದನ್ನು ಹೇಳುತ್ತಿರುವವರು ನಾಲ್ಕು ವರ್ಷದ ಹಿಂದಷ್ಟೇ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದವರು. ಹೇಳುತ್ತಿರುವುದು ಅಮೆರಿಕದ ಕ್ರೈಸ್ತ ಓದುಗರಿಗೆ. ಆಂಗ್ಲರ ಆಳ್ವಿಕೆಯೇ ಬೆಳಕು ಎಂಬ ಮಿಷನರಿ ಲೆಕ್ಕವೂ, ನಾವು-ಪರಕೀಯರು ಎಂಬ ರಾಷ್ಟ್ರವಾದಿಗಳ ಲೆಕ್ಕವೂ ಒಟ್ಟಿಗೇ ತಪ್ಪುತ್ತವೆ.

ಇಂದಿನ ಪ್ರಗತಿಪರ ವಿಮರ್ಶಕರಿಗೆ ಈ ಕೊಂಕು ಪ್ರಿಯ, ಕ್ರಿಸ್ತ ಮಾತ್ರ ಮುಜುಗರ. ಆತನನ್ನು ಅಡಿಟಿಪ್ಪಣಿಗೆ ತಳ್ಳಿ, ರಮಾಬಾಯಿಯನ್ನು ತಮ್ಮಂತೆ ಮಾಡಿಕೊಳ್ಳುತ್ತಾರೆ. ಆದರೆ ದೀಕ್ಷೆ ಕೊಡಿಸಿದ ಆಂಗ್ಲಿಕನ್ ಸಂನ್ಯಾಸಿನಿಯರ ಜೊತೆಗೇ ಧರ್ಮತತ್ತ್ವದ ಬಗ್ಗೆ ಪಟ್ಟುಬಿಡದೆ ವಾದಿಸಿದವರು ರಮಾಬಾಯಿ. ಶಾಸ್ತ್ರಿಗೂ ಬಿಷಪ್ಪನಿಗೂ ಬಗ್ಗದ ಆ ನಂಬಿಕೆಯನ್ನು ಕಳೆದರೆ, ಸರ್ಕಾರವನ್ನು ಅಷ್ಟು ತಣ್ಣಗೆ ಚುಚ್ಚುವ ಧೈರ್ಯಕ್ಕೆ ಬೇರೆ ಯಾವ ನೆಲೆಯನ್ನು ತೋರಿಸುತ್ತಾರೋ ಕಾಣೆ.

ಪುಸ್ತಕವನ್ನು ಬಯ್ಯಲೇಬೇಕೆಂದಿದ್ದರೆ ಅದರ ಕೊನೆಯ ಭಾಗವನ್ನು ಬಯ್ಯಬೇಕು. ಹೆಸರಿನಲ್ಲೇ ಮೇಲ್ಜಾತಿ ಎಂದು ಗೆರೆ ಎಳೆದುಕೊಂಡ ಲೇಖಕಿ ಅಲ್ಲಿ ಗೆರೆ ದಾಟುತ್ತಾರೆ: ಕೋಣೆಯೊಳಗೆ ಕೊರಗಿದ ತಾಯಿಯ ಮಕ್ಕಳು ನಿಸ್ಸತ್ವರು, ಅದಕ್ಕೇ ದೇಶ ದಾಸ್ಯದಲ್ಲಿದೆ ಎಂಬ ವಾದ. ಹೆಣ್ಣಿನ ಬಿಡುಗಡೆಗೆ ಗಂಡುಮಕ್ಕಳ ಪೌರುಷವೇ ಜಾಮೀನು! ಕೋಣೆಯೇ ಇಲ್ಲದ, ಗದ್ದೆಯಲ್ಲಿ ದುಡಿದ ಹೆಣ್ಣು ಈ ದೇಶದ ಲೆಕ್ಕಕ್ಕೇ ಬರಲಿಲ್ಲ. ರಮಾಬಾಯಿಯನ್ನು ದೂರಿದ ರಾಷ್ಟ್ರವಾದಿ ತಿಲಕರ ಪಾಳಯ ಈ ತಪ್ಪನ್ನು ಎತ್ತಿ ಆಡಲಿಲ್ಲ. ಅವರ ದೇಶವೂ ಅದೇ ಮನೆಗಳದ್ದಾಗಿತ್ತು.